ಒಂದು ಮೀಟರು, ಒಂದು ಚೀಟಿ: ದಾವಣಗೆರೆಯ ಜೋಳದ ಕಣದಲ್ಲಿ ನಾವು ಕಟ್ಟಿದ ಎಂವಿಪಿ

2024ರ ಅಕ್ಟೋಬರ್ ಕೊನೆ. ಆನಗೋಡು ಹತ್ತಿರದ ಒಂದು ಕಣದಲ್ಲಿ ನಿಂತು ಅರವತ್ತು ದಾಟಿದ ಒಬ್ಬ ಅವ್ವನಿಗೆ ನಮ್ಮ ಆ್ಯಪ್ ತೋರಿಸುತ್ತಿದ್ದೆ. ಮೆಕ್ಕೆಜೋಳದ ದರ, ಹವಾಮಾನ, ಮಷೀನ್ ಬುಕಿಂಗ್, ಒಂದೊಂದೇ ತೆರೆದು ವಿವರಿಸುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಫೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೇಳಿದರು: "ಅದೆಲ್ಲ ಇರ್ಲಿ ತಮ್ಮಾ. ಈ ರಾಶಿ ನಾಳೆ ಹೇರ್ಲೋ, ಇನ್ನೆರಡು ದಿನ ಬಿಸಿಲಿಗೆ ಬಿಡ್ಲೋ? ಅದೊಂದ್ ಹೇಳು."

ಆ್ಯಪಿನಲ್ಲಿ ಏಳು ವಿಭಾಗಗಳಿದ್ದವು. ಈ ಪ್ರಶ್ನೆಗೆ ಉತ್ತರ ಒಂದರಲ್ಲೂ ಇರಲಿಲ್ಲ.

ಆ ದಿನಕ್ಕೆ ಮೊದಲು ಒಂದು, ಆಮೇಲೆ ಒಂದು, ಹೀಗೆ ನಾವು ಎರಡು ಸಲ ತಪ್ಪು ಮಾಡಿದೆವು. ಮೊದಲನೆಯದು ಜಾಸ್ತಿ ಕಟ್ಟಿದ ತಪ್ಪು. ಎರಡನೆಯದು ಕಡಿಮೆ ಮಾಡಬಾರದ ಕಡೆ ಕಡಿಮೆ ಮಾಡಿದ ತಪ್ಪು. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದು ನಮಗೆ ಹೆಚ್ಚು ದುಬಾರಿಯಾಯಿತು. ಹೊಸದಾಗಿ ಏನಾದರೂ ಶುರು ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಯಾರು, ಏನು ಕಟ್ಟಿದ್ದೆವು

ನಾವು ಮೂವರು. ನಾನು ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು. ನನ್ನ ದೋಸ್ತನಿಗೆ ಸ್ವಂತ ಟ್ರ್ಯಾಕ್ಟರ್ ಇದೆ, ಜೋಳ ಬಿಡಿಸುವ ಮಷೀನ್ ಇದೆ. ಅತ್ತೆಯ ಮಗಳು ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಬಿ.ಕಾಂ ಮುಗಿಸಿ ಒಂದು ದಲಾಲಿ ಅಂಗಡಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವಳು.

ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಮಂಡಕ್ಕಿ, ಹಳೆಯ ಹತ್ತಿ ಗಿರಣಿಗಳು ನೆನಪಾಗುತ್ತವೆ. ಒಳಗಿನ ಲೆಕ್ಕ ಬೇರೆ. ಭದ್ರಾ ಕಾಲುವೆ ನೀರು ಹರಿಯುವ ಕಡೆ ಭತ್ತ, ಅಡಿಕೆ. ಕಾಲುವೆ ಮುಟ್ಟದ ಆನಗೋಡು, ಮಾಯಕೊಂಡ, ಜಗಳೂರು ಕಡೆ ಮಳೆ ನಂಬಿದ ಮೆಕ್ಕೆಜೋಳ. ಜೂನ್ ಮಳೆಗೆ ಬಿತ್ತಿದರೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಆ ಎರಡು ತಿಂಗಳು ನಮ್ಮ ಕಡೆ ಹಳ್ಳಿ ರಸ್ತೆಗಳ ಅರ್ಧ ಭಾಗ ಹಳದಿಯಾಗಿರುತ್ತದೆ. ಜನ ಟಾರು ರಸ್ತೆಯ ಮೇಲೇ ಕಾಳು ಹರವಿರುತ್ತಾರೆ, ಪಕ್ಕದಲ್ಲಿ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಒಂದು ಮೋಡ ಕಂಡರೆ ಮನೆ ಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಾರೆ.

ನಾನು ಇದೆಲ್ಲ ನೋಡುತ್ತಲೇ ಬೆಳೆದವನು. ಹಾಗಾಗಿ ರೈತರಿಗೆ ಏನು ಬೇಕು ಅಂತ ನನಗೆ ಗೊತ್ತಿದೆ ಅಂದುಕೊಂಡೆ. ಅಡಿಕೆ ಮಾರಿ ಅಪ್ಪ ಕೊಟ್ಟ ದುಡ್ಡು ಮತ್ತು ನನ್ನ ಉಳಿತಾಯ ಸೇರಿಸಿ ₹3,80,000 ಹಾಕಿದೆವು. 2024ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಏಳು ತಿಂಗಳು ಕೂತು ಆ್ಯಪ್ ಮಾಡಿದೆವು. ಮಷೀನ್ ಬುಕಿಂಗ್, ದರ, ಹವಾಮಾನ, ಕೂಲಿ ಆಳು, ಗೋದಾಮು, ಸಾಲದ ಮಾಹಿತಿ, ಬೀಜ ಗೊಬ್ಬರ. ಒಂದು ಮುಗಿಯುವ ಮೊದಲೇ ಇನ್ನೊಂದು ಸೇರುತ್ತಿತ್ತು.

ಆಗ ಗೂಗಲ್ ಪ್ಲೇಯಲ್ಲಿ ಒಂದು ನಿಯಮ ಇತ್ತು. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮೊದಲು 20 ಜನರ ಕೈಲಿ 14 ದಿನ ಪರೀಕ್ಷೆ ಮಾಡಿಸಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ನಮ್ಮ 20 ಜನ ಯಾರು? ಚಿಕ್ಕಪ್ಪನ ಮಕ್ಕಳು, ಕಾಲೇಜು ಗೆಳೆಯರು, ಬೆಂಗಳೂರಿನ ಹಳೆಯ ಸಹೋದ್ಯೋಗಿಗಳು. ಎಲ್ಲರೂ ಚೆನ್ನಾಗಿದೆ ಅಂದರು. ಅವರಲ್ಲಿ ಆ ವರ್ಷ ಜೋಳ ಬೆಳೆದವರು ಒಬ್ಬರೂ ಇರಲಿಲ್ಲ. ಬಟನ್ ಒತ್ತಿದರೆ ಕೆಲಸ ಮಾಡುತ್ತದೆಯೇ ಅನ್ನುವುದನ್ನು ಅವರು ಪರೀಕ್ಷಿಸಿದರು. ಇದು ಯಾರಿಗಾದರೂ ಬೇಕೇ ಅನ್ನುವ ಪರೀಕ್ಷೆ ಉಳಿದೇ ಹೋಯಿತು.

ಬಿಡುಗಡೆಯಾದ ಮೇಲೆ 143 ಜನ ಇಳಿಸಿಕೊಂಡರು. ಮಷೀನ್ ಬುಕ್ ಮಾಡಿದವರು ಇಬ್ಬರು. ಆ ಇಬ್ಬರೂ ದೋಸ್ತನ ಸಂಬಂಧಿಕರು. ಉಳಿದವರು ಪ್ರತಿ ವರ್ಷದ ಹಾಗೆ ಮಷೀನಿನವರಿಗೆ ನೇರವಾಗಿ ಫೋನ್ ಮಾಡಿದರು. ಅವರ ನಂಬರ್ ಎಲ್ಲರ ಹತ್ತಿರ ಇದೆ. ಗುರುತಿದೆ, ಬಾಡಿಗೆ ಬಾಕಿ ಇಡುವ ಸಲಿಗೆಯೂ ಇದೆ. ಅವರ ನಡುವೆ ಆ್ಯಪಿಗೆ ಜಾಗವೇ ಇರಲಿಲ್ಲ.

ಎಂವಿಪಿ ಅಂದರೆ ಏನು, ನಾವು ಏನು ತಿಳಿದಿದ್ದೆವು

ಎಂವಿಪಿ ಅಂದರೆ ಮಿನಿಮಮ್ ವಯಬಲ್ ಪ್ರಾಡಕ್ಟ್. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಹುಟ್ಟುಹಾಕಿದ ಹೆಸರು ಇದು. ಎರಿಕ್ ರೀಸ್ ಅದನ್ನು ಎಲ್ಲ ಕಡೆ ಹಬ್ಬಿಸಿದರು. ಕನ್ನಡದಲ್ಲಿ ಹೇಳುವುದಾದರೆ, ತೀರಾ ಕಡಿಮೆ ಖರ್ಚಿನಲ್ಲಿ, ನಿಜವಾದ ಗ್ರಾಹಕರ ಕೈಗೆ ಕೊಟ್ಟು ಕಲಿಯಬಹುದಾದಷ್ಟು ಮಾತ್ರ ಇರುವ ಸರಕು. ಅರ್ಧ ಮುಗಿದ ಆ್ಯಪಿಗೆ ಎಂವಿಪಿ ಅಂತ ಹೆಸರಿಡುವವರು ತುಂಬಾ ಜನ ಇದ್ದಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಸಾಫ್ಟ್‌ವೇರ್ ಇರಲೇಬೇಕು ಅಂತ ಎಲ್ಲೂ ಇಲ್ಲ.

1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಶೂ ಮಾರಲು ಹೊರಟಾಗ ಗೋದಾಮು ಕಟ್ಟಲಿಲ್ಲ. ಹತ್ತಿರದ ಅಂಗಡಿಯಲ್ಲಿದ್ದ ಶೂಗಳ ಫೋಟೋ ತೆಗೆದು ಹಾಕಿದರು. ಯಾರಾದರೂ ಕೊಂಡರೆ ಅದೇ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದು ಕಳಿಸಿದರು. ಅದು ಮುಂದೆ ಝಾಪೋಸ್ ಆಯಿತು. ನಮ್ಮ ಬೆಂಗಳೂರಿನಲ್ಲೇ 2006ರಲ್ಲಿ ಫಣೀಂದ್ರ ಸಾಮ ಮತ್ತು ಗೆಳೆಯರು ರೆಡ್‌ಬಸ್ ಶುರು ಮಾಡಿದರು. ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡುವುದು ಅವರ ಮೊದಲ ಯೋಚನೆ. ಮಾಲೀಕರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಸರಿ, ಕೆಲವು ಸೀಟು ಕೊಡಿ, ನಾವೇ ಮಾರಿಕೊಡುತ್ತೇವೆ ಅಂದರು.

ಇವೆರಡೂ ಕಥೆ ನನಗೆ ಮೊದಲೇ ಗೊತ್ತಿತ್ತು. ಆದರೂ ಏಳು ತಿಂಗಳು ಕೋಡ್ ಬರೆಯುತ್ತಾ ಕೂತೆ. ನನಗೆ ಬರುತ್ತಿದ್ದ ಕೆಲಸ ಅದು. ಕಣಕ್ಕೆ ಹೋಗಿ ಗುರುತಿಲ್ಲದವರ ಹತ್ತಿರ ದುಡ್ಡು ಕೇಳುವುದು ನನಗೆ ಬರುತ್ತಿರಲಿಲ್ಲ.

ಮೂರು ಸಾಲಿನ ಚೀಟಿ

ಆ ಅವ್ವನ ಪ್ರಶ್ನೆ ತಂದು ಮೂವರೂ ಕೂತೆವು. ನಾಳೆ ಹೇರಬೇಕೋ, ಒಣಗಿಸಬೇಕೋ? ಅತ್ತೆಯ ಮಗಳಿಗೆ ಉತ್ತರದ ದಾರಿ ಗೊತ್ತಿತ್ತು. ದಲಾಲಿ ಅಂಗಡಿಯಲ್ಲಿ ದಿನಾ ಇದನ್ನೇ ನೋಡಿದವಳು ಅವಳು.

ಮೆಕ್ಕೆಜೋಳಕ್ಕೆ ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶದ ಮಿತಿ ಶೇ. 14. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,225. ಖಾಸಗಿ ವ್ಯಾಪಾರಿಯೂ ಮನಸ್ಸಿನಲ್ಲಿ ಶೇ. 14 ಇಟ್ಟುಕೊಂಡೇ ದರ ಹೇಳುತ್ತಾನೆ. ಕಾಳು ಹಸಿ ಇದ್ದರೆ ದರ ಇಳಿಯುತ್ತದೆ. ಹಾಗಾದರೆ ಎಲ್ಲರೂ ಒಣಗಿಸಿಯೇ ಮಾರಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ಒಂದು ಹಾಳೆ ತಗೊಂಡು ಲೆಕ್ಕ ಬರೆದಳು.

ನೂರು ಕೆ.ಜಿ. ಕಾಳಿನಲ್ಲಿ ಶೇ. 18 ತೇವ ಇದ್ದರೆ ನೀರು 18 ಕೆ.ಜಿ., ಒಣ ಪದಾರ್ಥ 82 ಕೆ.ಜಿ. ಇದನ್ನು ಶೇ. 14ಕ್ಕೆ ಇಳಿಸಿದರೂ ಒಣ ಪದಾರ್ಥ ಅಷ್ಟೇ ಇರುತ್ತದೆ, 82 ಕೆ.ಜಿ. ಆದರೆ ಈಗ ಅದು ಒಟ್ಟು ತೂಕದ ಶೇ. 86. ಅಂದರೆ 82ನ್ನು 0.86ರಿಂದ ಭಾಗಿಸಬೇಕು. ಉಳಿಯುವುದು 95.35 ಕೆ.ಜಿ. ಕ್ವಿಂಟಲ್‌ಗೆ ನಾಲ್ಕೂವರೆ ಕೆ.ಜಿ.ಗಿಂತ ಜಾಸ್ತಿ ತೂಕ ಬಿಸಿಲಿಗೆ ಹೋಯಿತು. ಈಗ ಹಸಿ ಕಾಳಿಗೆ ₹2,000 ಸಿಗುತ್ತಿದ್ದರೆ, ಒಣಗಿದ ಕಾಳಿಗೆ ಕನಿಷ್ಠ ₹2,098 ಸಿಕ್ಕರೆ ಮಾತ್ರ ಸರಿಸಮ. ಅದರ ಮೇಲೆ ಕಾಳು ಹರವುವ, ತಿರುವುವ, ಗುಡ್ಡೆ ಹಾಕುವ ಕೂಲಿ. ರಾತ್ರಿ ಕಾವಲು. ಮಳೆ ಬಂದರೆ ಎಲ್ಲವೂ ಮೊದಲಿನಿಂದ.

ಶೇ. 16 ಇದ್ದರೆ ₹48 ಜಾಸ್ತಿ ಸಿಕ್ಕರೂ ಸರಿಸಮ. ಶೇ. 22 ಇದ್ದರೆ ₹205 ಬೇಕು. ಆದರೆ ಅಷ್ಟು ಹಸಿ ಕಾಳಿಗೆ ವ್ಯಾಪಾರಿ ಕಡಿತ ಮಾಡುವುದೂ ಜಾಸ್ತಿ. ಕೆಲವರು ಮುಟ್ಟುವುದೇ ಇಲ್ಲ. ಅಲ್ಲಿ ಒಣಗಿಸುವುದೇ ಸರಿ. ಹಾಗಾಗಿ ಪ್ರತಿ ರಾಶಿಗೂ ಉತ್ತರ ಬೇರೆ. ಕೈಗೆ ಕಾಳು ಹಿಡಿದು, ಹಲ್ಲಲ್ಲಿ ಕಡಿದು ಅಂದಾಜು ಮಾಡುವವರು ಇದ್ದಾರೆ. ಅವರಲ್ಲಿ ಕೆಲವರ ಅಂದಾಜು ನಿಜಕ್ಕೂ ಚೆನ್ನಾಗಿದೆ. ಆದರೆ ಶೇ. 16 ಮತ್ತು 18ರ ನಡುವಿನ ವ್ಯತ್ಯಾಸ ಹಲ್ಲಿಗೆ ಸಿಗುವುದು ಕಷ್ಟ. ದುಡ್ಡು ಇರುವುದು ಆ ಎರಡು ಅಂಕಿಯ ನಡುವೆಯೇ.

ಮಾರನೇ ದಿನವೇ ₹11,500 ಕೊಟ್ಟು ಕೈಯಲ್ಲಿ ಹಿಡಿಯುವ ತೇವಾಂಶದ ಮೀಟರ್ ತಂದೆವು. ಶೇ. 15ರಿಂದ 24ರವರೆಗೆ ತೂಕ ಎಷ್ಟು ಇಳಿಯುತ್ತದೆ ಅನ್ನುವ ಪಟ್ಟಿ ಬರೆದು ಒಂದು ರಟ್ಟಿಗೆ ಅಂಟಿಸಿದೆವು. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಚೀಟಿ ಪುಸ್ತಕ ಹಾಕಿಸಿದೆವು. ಚೀಟಿಯಲ್ಲಿ ಮೂರೇ ಸಾಲು: ಇವತ್ತಿನ ತೇವಾಂಶ, ಶೇ. 14ಕ್ಕೆ ಒಣಗಿಸಿದರೆ ಕ್ವಿಂಟಲ್‌ಗೆ ಇಳಿಯುವ ತೂಕ, ಒಣಗಿಸಿದ್ದಕ್ಕೆ ಕ್ವಿಂಟಲ್‌ಗೆ ಕನಿಷ್ಠ ಎಷ್ಟು ಜಾಸ್ತಿ ಸಿಗಬೇಕು. ಒಂದು ಫೋನ್ ನಂಬರ್. ಒಂದು ಬೈಕು. ಆ್ಯಪ್ ಬಂದ್.

ಬೆಣ್ಣೆ ದೋಸೆ ಹೋಟೆಲಿನ ನೆನಪಾಗುತ್ತಿತ್ತು ನನಗೆ. ನಮ್ಮೂರಿನ ಎಷ್ಟೋ ಹೋಟೆಲುಗಳಲ್ಲಿ ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆ ಬಿಟ್ಟರೆ ಬೇರೆ ಹೆಸರು ಕಾಣುವುದೇ ಕಡಿಮೆ. ಅದೇ ಹಿಟ್ಟು, ಅದೇ ಕಾವಲಿ, ಅದೇ ಪಲ್ಯ ಚಟ್ನಿ. ಜನ ಸಾಲುಗಟ್ಟಿ ಕಾಯುತ್ತಾರೆ.

ದುಡ್ಡು ಕೇಳಿದ ದಿನ

ಮೊದಲ 12 ರಾಶಿಗೆ ಸುಮ್ನೆ ಉಚಿತವಾಗಿ ನೋಡಿಕೊಟ್ಟೆವು. ಹನ್ನೆರಡೂ ಜನ ಹೊಗಳಿದರು. ಚಹಾ ಕೊಟ್ಟರು. ಒಬ್ಬರು ಮನೆಗೆ ಕರೆದು ರೊಟ್ಟಿ ಊಟ ಹಾಕಿದರು. ನನಗೆ ಆಗ ತುಂಬಾ ಸಂತೋಷ. ಅತ್ತೆಯ ಮಗಳು ಮಾತ್ರ ಸಮಾಧಾನವಾಗಿರಲಿಲ್ಲ. "ನಾಳೆಯಿಂದ ನೂರು ರೂಪಾಯಿ ಕೇಳು. ಆಮೇಲೆ ಹೇಳು ನಂಗೆ," ಅಂದಳು.

ಕೇಳಿದೆ. ಆ ವಾರ 31 ಜನರನ್ನು ಕೇಳಿದೆ. ಕೊಟ್ಟವರು 9 ಜನ.

ಆ ರಾತ್ರಿ ನಾವು ಮಾಡಿದ ಒಂದು ಕೆಲಸ ಇಡೀ ಪ್ರಕರಣದಲ್ಲೇ ಮುಖ್ಯ ಅನ್ನಿಸುತ್ತದೆ. ಕೊಟ್ಟ 9 ಜನ, ಬೇಡ ಅಂದ 22 ಜನ, ಈ ಎರಡೂ ಗುಂಪನ್ನು ಎರಡು ಹಾಳೆಯಲ್ಲಿ ಬೇರೆ ಬೇರೆ ಬರೆದೆವು. ಎಷ್ಟು ಎಕರೆ, ಎಷ್ಟು ಕ್ವಿಂಟಲ್, ಯಾರಿಗೆ ಮಾರುತ್ತಾರೆ, ಬೇಡ ಅಂದಾಗ ಏನಂದರು. ಕೊಟ್ಟವರಲ್ಲಿ 8 ಜನರ ರಾಶಿ 50 ಕ್ವಿಂಟಲ್‌ಗಿಂತ ದೊಡ್ಡದು. ಬೇಡ ಅಂದವರಲ್ಲಿ ತುಂಬಾ ಜನರದ್ದು 20, 25 ಕ್ವಿಂಟಲ್. ಅವರಲ್ಲಿ ಕೆಲವರು ಬಿತ್ತನೆಗೆ ದುಡ್ಡು ಕೊಟ್ಟ ವ್ಯಾಪಾರಿಗೇ ಕಾಳು ಕೊಡಬೇಕಿತ್ತು. ಅವರ ಕೈಯಲ್ಲಿ ತೀರ್ಮಾನವೇ ಇಲ್ಲದಿದ್ದಾಗ ನಮ್ಮ ಚೀಟಿಯಿಂದ ಏನು ಉಪಯೋಗ? ಅವರು ಬೇಡ ಅಂದದ್ದು ಸರಿಯಾಗಿಯೇ ಇತ್ತು.

ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಲಿಲ್ಲ. ಸಣ್ಣ ರೈತರಿಗೆ ಸಹಾಯ ಮಾಡಬೇಕು ಅಂತಲೇ ಊರಿಗೆ ಬಂದವನು ನಾನು. ಅವರಿಗೇ ನಮ್ಮ ಸರಕು ಬೇಡವಾಗಿತ್ತು. ಅವರ ಕಷ್ಟ ತೇವಾಂಶದಲ್ಲಿ ಇರಲಿಲ್ಲ, ಸಾಲದಲ್ಲಿ ಇತ್ತು. ಅದನ್ನು ಬಗೆಹರಿಸುವ ಶಕ್ತಿ ಒಂದು ಮೀಟರಿಗೆ ಇಲ್ಲ.

ಎರಡನೇ ತಪ್ಪು

ನವೆಂಬರ್ ಎರಡನೇ ವಾರ. ಮಾಯಕೊಂಡ ಕಡೆಯ ಒಬ್ಬ ಯಜಮಾನರು, 80 ಕ್ವಿಂಟಲ್ ರಾಶಿ. ನಾನು ಮೇಲಿನಿಂದ ಎರಡು ಹಿಡಿ ಕಾಳು ತಗೊಂಡು ಮೀಟರಿಗೆ ಹಾಕಿದೆ. ಶೇ. 14.5. ಚೀಟಿ ಬರೆದೆ. "ಹೇರಿ ಯಜಮಾನ್ರೇ, ಇನ್ನು ಒಣಗಿಸೋದು ಬೇಡ," ಅಂದೆ. ಐದು ನಿಮಿಷದ ಕೆಲಸ. ನೂರು ರೂಪಾಯಿ ತಗೊಂಡು ಮುಂದಿನ ಕಣಕ್ಕೆ ಹೋದೆ.

ಮಾರನೇ ದಿನ ಮಾರುಕಟ್ಟೆಯಲ್ಲಿ ಅವರ ಕಾಳು ಶೇ. 17 ಬಂತು. ಕ್ವಿಂಟಲ್‌ಗೆ ₹90 ಕಡಿತ. 80 ಕ್ವಿಂಟಲ್‌ಗೆ ₹7,200.

ಅವರು ಫೋನ್ ಮಾಡಿ ಬೈಯಲಿಲ್ಲ. ಬೇರೆಯವರಿಂದ ಸುದ್ದಿ ತಿಳಿದು ನಾನೇ ಅವರ ಮನೆಗೆ ಹೋದೆ. ನೂರು ರೂಪಾಯಿ ವಾಪಸ್ ಕೊಡಲು ಕೈ ಚಾಚಿದೆ. "ನೂರು ರೂಪಾಯಿ ಇಟ್ಕಳಪ್ಪಾ," ಅಂದರು. "ನೀನ್ ಹೇಳ್ದೆ ಅಂತ ಹೇರ್ದೆ ನಾನು." ಅಷ್ಟೇ ಅಂದು ಒಳಗೆ ಹೋದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಾರುಕಟ್ಟೆಯ ಮೀಟರ್ ತಪ್ಪಿರಬಹುದು ಅಂತ ದೋಸ್ತ ವಾದ ಮಾಡಿದ. ಹಾಗೆ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ನಾವು ಮೂರು ದಿನ ಕಣಕ್ಕೆ ಹೋಗುವುದು ನಿಲ್ಲಿಸಿ ಕಾರಣ ಹುಡುಕಿದೆವು. ನಮ್ಮ ಮೀಟರ್ ಕಾಳಿನ ವಿದ್ಯುತ್ ಗುಣ ನೋಡಿ ತೇವ ಅಂದಾಜು ಮಾಡುವಂಥದ್ದು. ನೇರವಾಗಿ ನೀರನ್ನು ಅಳೆಯುವುದಿಲ್ಲ. ನಿಜವಾದ ತೇವ ಗೊತ್ತಾಗಬೇಕಾದರೆ ಇಡೀ ಕಾಳನ್ನು ತೂಕ ಮಾಡಿ, 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 72 ಗಂಟೆ ಇಟ್ಟು, ಮತ್ತೆ ತೂಕ ಮಾಡಬೇಕು. ಊರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪರಿಚಯದವರನ್ನು ಕೇಳಿಕೊಂಡು ಹಾಗೆ ಮಾಡಿಸಿದೆವು. ನಮ್ಮ ಮೀಟರ್ ಸುಮಾರು ಅರ್ಧ ಅಂಶ ಕಡಿಮೆ ತೋರಿಸುತ್ತಿತ್ತು. ಉಳಿದ ಎರಡು ಅಂಶ? ಅದು ನನ್ನ ಕೈಯ ತಪ್ಪು. ರಾಶಿಯ ಮೇಲ್ಭಾಗ ಬಿಸಿಲಿಗೆ ಒಣಗಿತ್ತು. ಒಳಗೆ, ಬುಡದಲ್ಲಿ ಹಸಿ ಹಾಗೇ ಇತ್ತು. ಸಾಲದ್ದಕ್ಕೆ ಮಧ್ಯಾಹ್ನದ ಬಿಸಿ ಕಾಳನ್ನು ಹಾಗೇ ಮೀಟರಿಗೆ ಸುರಿದಿದ್ದೆ.

ಎಂವಿಪಿ ಅಂತ ಎಲ್ಲವನ್ನೂ ಕಡಿಮೆ ಮಾಡುತ್ತಾ ಹೋಗಿ, ಕಾಳು ತೆಗೆಯುವ ಕೆಲಸವನ್ನೂ ನಾನು ಕಡಿಮೆ ಮಾಡಿಬಿಟ್ಟಿದ್ದೆ. 'ಮಿನಿಮಮ್' ಅನ್ನುವ ಪದವನ್ನು ಚೆನ್ನಾಗಿ ಕಲಿತಿದ್ದೆ. ಅದರ ಪಕ್ಕದ 'ವಯಬಲ್' ಅನ್ನುವುದನ್ನು ಓದಿಕೊಂಡು ಮುಂದೆ ಹೋಗಿದ್ದೆ. ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ, ಲೋಗೋ ಇಲ್ಲದಿದ್ದರೂ ನಡೆಯುತ್ತದೆ. ಚೀಟಿಯ ಮೊದಲ ಸಾಲಿನಲ್ಲಿರುವ ಅಂಕಿ ಸರಿ ಇಲ್ಲದಿದ್ದರೆ ಉಳಿದದ್ದಕ್ಕೆ ಬೆಲೆಯೇ ಇಲ್ಲ. ಆ ಅಂಕಿ ನಂಬಿ ಒಬ್ಬರು ವರ್ಷದ ಬೆಳೆಯನ್ನು ಟ್ರ್ಯಾಕ್ಟರಿಗೆ ತುಂಬುತ್ತಾರೆ.

ಆಮೇಲೆ ಕ್ರಮ ಬದಲಾಯಿಸಿದೆವು. ವ್ಯಾಪಾರಿಗಳು ಚೀಲಕ್ಕೆ ಚುಚ್ಚಿ ಕಾಳು ತೆಗೆಯುತ್ತಾರಲ್ಲ, ಅಂಥ ಕೊಳವೆಯನ್ನೇ ಉದ್ದವಾಗಿ ಮಾಡಿಸಿದೆವು. ರಾಶಿಯ ಐದು ಕಡೆ, ಮೇಲೆ, ನಡುವೆ, ಬುಡದಲ್ಲಿ ಕಾಳು ತೆಗೆದು ಬಕೆಟ್‌ನಲ್ಲಿ ಬೆರೆಸುವುದು. ನೆರಳಲ್ಲಿ ಇಪ್ಪತ್ತು ನಿಮಿಷ ಆರಲು ಬಿಡುವುದು. ಮೂರು ಸಲ ಅಳೆದು ಸರಾಸರಿ ತೆಗೆದು, ಅರ್ಧ ಅಂಶ ಸೇರಿಸಿ ಬರೆಯುವುದು. ಐದು ನಿಮಿಷದ ಕೆಲಸ 35 ನಿಮಿಷ ಆಯಿತು. ದಿನಕ್ಕೆ 9 ರಾಶಿ ನೋಡುತ್ತಿದ್ದವನು 5ಕ್ಕೆ ಇಳಿದೆ. ನೂರು ರೂಪಾಯಿಗೆ ಪೆಟ್ರೋಲು ಕಳೆದರೆ ಕೂಲಿಯೂ ಹುಟ್ಟುತ್ತಿರಲಿಲ್ಲ. 50 ಕ್ವಿಂಟಲ್‌ಗಿಂತ ದೊಡ್ಡ ರಾಶಿಗೆ ಮಾತ್ರ ಹೋಗುವುದು, ₹200 ತಗೊಳ್ಳುವುದು ಅಂತ ತೀರ್ಮಾನ ಮಾಡಿದೆವು. ಒಪ್ಪಿದವರು ಕಡಿಮೆ. ಆದರೆ ಒಪ್ಪಿದವರು ರಾಶಿಯ ಪಕ್ಕ ನಿಂತು ನಾನು ಮಾಡುವುದನ್ನು ಕೊನೆವರೆಗೂ ನೋಡುತ್ತಿದ್ದರು, ಆಮೇಲೆ ಪಕ್ಕದ ಹೊಲದವರಿಗೆ ನಂಬರ್ ಕೊಡುತ್ತಿದ್ದರು.

ಎದುರಿಗೇ ಇದ್ದ ಗ್ರಾಹಕ

ನಮ್ಮ ದೋಸ್ತ ಒಂದು ಸಂಜೆ ಬೇಜಾರಿನಲ್ಲಿ ಬಂದ. 18 ಕಿಲೋಮೀಟರ್ ಮಷೀನ್ ಎಳೆದುಕೊಂಡು ಹೋಗಿದ್ದ, ತೆನೆ ಹಸಿ ಇತ್ತು. ಹಸಿ ತೆನೆ ಬಿಡಿಸಿದರೆ ಕಾಳು ಒಡೆಯುವುದು ಜಾಸ್ತಿ, ದಿಂಡಿಗೆ ಕಾಳು ಅಂಟಿಕೊಂಡೇ ಉಳಿಯುತ್ತದೆ. ಬಿಡಿಸದೆ ವಾಪಸ್ ಬಂದ. ಡೀಸೆಲ್ ಹೋಯಿತು, ಅರ್ಧ ದಿನ ಹೋಯಿತು. "ನಿನ್ ಮೀಟರ್ ತಂದು ಮೊದ್ಲೇ ನೋಡಿದ್ರೆ ಆಗ್ತಿತ್ತಲ್ಲೋ," ಅಂದ.

ಮೂವರೂ ಸುಮ್ಮನಾದೆವು. ಮಷೀನಿನವನು ನಮ್ಮ ಮನೆಯಲ್ಲೇ ಕೂತಿದ್ದ. ಅವನನ್ನು ನಾವು ಯಾವತ್ತೂ ಗ್ರಾಹಕ ಅಂತ ನೋಡಿರಲಿಲ್ಲ.

ಅವನಿಗೆ ಗುರುತಿದ್ದ ಆರು ಮಷೀನ್ ಮಾಲೀಕರನ್ನು ಕೇಳಿದೆವು. ನಾಳೆ ಹೋಗಬೇಕಾದ ಹೊಲಗಳಿಗೆ ಇವತ್ತೇ ಹೋಗಿ, ಗುಡ್ಡೆಯ ಬೇರೆ ಬೇರೆ ಕಡೆಯಿಂದ ತೆನೆ ತಗೊಂಡು, ಕೈಯಲ್ಲಿ ಬಿಡಿಸಿ, ತೇವ ನೋಡಿ ಸಂಜೆ ಫೋನ್‌ನಲ್ಲಿ ಹೇಳುವುದು. ಒಂದು ಹೊಲಕ್ಕೆ ₹250. ನಾಲ್ಕು ಜನ ಅದೇ ದಿನ ಒಪ್ಪಿದರು. ಇಬ್ಬರು ಮುಂಗಡ ಕೊಟ್ಟರು. ಆ ಸುಗ್ಗಿ ಮುಗಿಯುವಾಗ ನಮ್ಮ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇವರದ್ದೇ. ದೊಡ್ಡ ಮೊತ್ತವೇನೂ ಆಗಿರಲಿಲ್ಲ. ಮೀಟರು, ಕೊಳವೆ, ಪೆಟ್ರೋಲು ಎಲ್ಲ ಕಳೆದು ಕೈಗೆ ₹14,000 ಉಳಿಯಿತು. ಏಳು ತಿಂಗಳ ಆ್ಯಪಿನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ.

ಎರಡನೇ ಸುಗ್ಗಿ

2025ರಲ್ಲಿ ಬೆಂಬಲ ಬೆಲೆ ₹2,400ಕ್ಕೆ ಏರಿತು, ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಆಗ ಕಣದಲ್ಲಿ ಜನ ಕೇಳುವ ಪ್ರಶ್ನೆಯೇ ಬದಲಾಯಿತು. ಹೋದ ವರ್ಷದ ಅದೇ ಅವ್ವ ಅಕ್ಟೋಬರ್‌ನಲ್ಲಿ ತಾವೇ ಫೋನ್ ಮಾಡಿ ಕರೆದರು. ಮೀಟರ್ ಹಿಡಿದು ಹೋದೆ. ಶೇ. 15.5 ಇತ್ತು. ಚೀಟಿ ಬರೆಯುವಾಗ ತಡೆದರು. "ಈ ರೇಟಿಗೆ ನಾನು ಮಾರಲ್ಲ ತಮ್ಮಾ. ಸಂಕ್ರಾಂತಿ ತನಕ ಇಡ್ತೀನಿ. ಬೂಸ್ಟು ಬರುತ್ತೋ ಇಲ್ವೋ, ಅದನ್ ಹೇಳು."

ಶೇ. 14 ಅನ್ನುವುದು ಮಾರುವ ಲೆಕ್ಕ. ತಿಂಗಳುಗಟ್ಟಲೆ ಚೀಲದಲ್ಲಿ ಇಡಬೇಕಾದರೆ ಶೇ. 12ರ ಹತ್ತಿರಕ್ಕೆ ಒಣಗಿಸಬೇಕು. ಇಲ್ಲದಿದ್ದರೆ ಬೂಸ್ಟು ಬರುತ್ತದೆ, ಕೆಲವು ಜಾತಿಯ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುತ್ತದೆ. ಅಂಥ ಕಾಳನ್ನು ಕೋಳಿ ಆಹಾರದವರು ವಾಪಸ್ ಕಳಿಸುತ್ತಾರೆ. ಅವ್ವನಿಗೆ ಇಷ್ಟನ್ನು ಹೇಳಿದೆ. ಈ ಸಲ ಬರೀ ಹೇಳಿ ಬರಲಿಲ್ಲ. ಅವರು ಇನ್ನೂ ನಾಲ್ಕು ಬಿಸಿಲು ಒಣಗಿಸಿದ ಮೇಲೆ ಮತ್ತೆ ಹೋಗಿ ಅಳೆದೆ. ಶೇ. 12.3. ಚೀಲ ತುಂಬಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಜೋಡಿಸಿದರು. ನವೆಂಬರ್ ಕೊನೆಗೆ, ಡಿಸೆಂಬರ್ ಕೊನೆಗೆ ಇನ್ನೆರಡು ಸಲ ಹೋಗಿ ಗೋಡೆ ಪಕ್ಕದ ಚೀಲಗಳಿಗೂ ಕೊಳವೆ ಚುಚ್ಚಿ ನೋಡಿದೆ.

ಹೊಸ ಚೀಟಿ ಪುಸ್ತಕದಲ್ಲಿ ನಾಲ್ಕನೇ ಸಾಲು ಸೇರಿಸಿದ್ದೇವೆ: ಇಡುವುದಾದರೆ ಇನ್ನೆಷ್ಟು ಒಣಗಬೇಕು. ಮೀಟರ್ ಈಗ ಎರಡಿವೆ, ಸುಗ್ಗಿಗೆ ಮೊದಲು ಎರಡನ್ನೂ ಒಲೆಯ ಲೆಕ್ಕಕ್ಕೆ ಹೋಲಿಸಿ ನೋಡುತ್ತೇವೆ. ಮಾಯಕೊಂಡದ ಯಜಮಾನರು ಇನ್ನೂ ಕರೆದಿಲ್ಲ. ಅವರ ತಮ್ಮ ಕರೆದಿದ್ದರು.